ಡೈನಮೋ ಒತ್ತಿದರೆ ಸೈಕಲ್ ಏಕೆ ಭಾರವಾಗುತ್ತದೆ?

ಹೈಸ್ಕೂಲಿನ ದಿನಗಳಲ್ಲಿ ನಾನು ತುಳಿಯುತ್ತಿದ್ದ ಸೈಕಲ್ಲಿನ ಹಿಂದಿನ ಚಕ್ರದ ಪಕ್ಕದಲ್ಲಿ ಸೀಸೆಯಾಕಾರದ ಒಂದು ಡೈನಮೋ ಇತ್ತು. ಕತ್ತಲಾದ ಮೇಲೆ ಅದನ್ನು ಒತ್ತಿದರೆ ಅದರ ಗೀರುಗೀರಿನ ತಲೆ ಟೈರಿಗೆ ಹೋಗಿ ಆನಿಕೊಳ್ಳುತ್ತಿತ್ತು. ಗುಂಯ್ ಎಂಬ ಸದ್ದಿನೊಂದಿಗೆ ಮುಂದಿನ ದೀಪ ಹೊತ್ತಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಬೇಡವೆಂದರೂ ಪ್ರಖರ ಬೆಳಕು. ಏರಿನಲ್ಲಿ ಮಿಣುಕು. ನಾಯಿ ಬೊಗಳಿತೆಂದು ನಿಲ್ಲಿಸಿದರೆ, ಬೆಳಕು ತೀರಾ ಬೇಕಾದ ಆ ಹೊತ್ತಿನಲ್ಲೇ, ಪೂರ್ತಿ ಕತ್ತಲೆ. ಇದೆಲ್ಲ ಅಭ್ಯಾಸವಾಗಿಹೋಗಿತ್ತು. ಅಭ್ಯಾಸವಾಗದೆ ಉಳಿದದ್ದು ಒಂದೇ: ಡೈನಮೋ ಒತ್ತಿದ ತಕ್ಷಣ, ಯಾರೋ ಕ್ಯಾರಿಯರ್ ಮೇಲೆ ಹತ್ತಿ ಕೂತಂತೆ ಸೈಕಲ್ ಭಾರವಾಗುತ್ತಿತ್ತು.

ಟೈರಿಗೆ ಉಜ್ಜುತ್ತದಲ್ಲ, ಅದಕ್ಕೇ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಅರ್ಧ ನಿಜ. ಒಂದು ರಾತ್ರಿ ಬಲ್ಬು ಸುಟ್ಟುಹೋಯಿತು. ಡೈನಮೋ ಎಂದಿನಂತೆಯೇ ಟೈರಿಗೆ ಉಜ್ಜುತ್ತಿತ್ತು, ಎಂದಿನಂತೆಯೇ ತಿರುಗುತ್ತಿತ್ತು. ಆದರೂ ಸೈಕಲ್ ಒಂದಿಷ್ಟು ಹಗುರವಾಗಿತ್ತು. ಅಂದರೆ ಆ ಭಾರದಲ್ಲಿ ಒಂದು ಪಾಲು ಉಜ್ಜುವಿಕೆಯದಲ್ಲ, ದೀಪದ್ದು. ಉರಿಯುವ ದೀಪ ನನ್ನ ಕಾಲನ್ನು ಹಿಡಿದೆಳೆಯುತ್ತಿತ್ತು.

ಡೈನಮೋವನ್ನು ಬಿಚ್ಚಿ ನೋಡಿದರೆ ಒಳಗೆ ಅಂತಹ ಗುಟ್ಟೇನೂ ಇಲ್ಲ. ನಡುವೆ ತಿರುಗುವ ಒಂದು ಆಯಸ್ಕಾಂತ, ಕದಲದೆ ಕುಳಿತಿರುವ ತಾಮ್ರದ ತಂತಿಯ ಒಂದು ಸುರುಳಿ, ಅದರ ಸುತ್ತ ಒಂದಷ್ಟು ಕಬ್ಬಿಣ. ಆಯಸ್ಕಾಂತವೂ ತಂತಿಯೂ ಒಂದನ್ನೊಂದು ಮುಟ್ಟುವುದೇ ಇಲ್ಲ. ಮುಟ್ಟದ ತಂತಿಯಲ್ಲಿ ವಿದ್ಯುತ್ ಹೇಗೆ ಬಂತು? ಮುಟ್ಟದ ತಂತಿ ಆಯಸ್ಕಾಂತವನ್ನು ತಡೆಯುವುದಾದರೂ ಹೇಗೆ? ಮೊದಲ ಪ್ರಶ್ನೆಯನ್ನು ಎಲ್ಲ ಪಠ್ಯಪುಸ್ತಕಗಳೂ ಕೇಳುತ್ತವೆ. ನನಗೆ ಮುಖ್ಯವೆನಿಸುವುದು ಎರಡನೆಯದು. ಆದರೂ ಕ್ರಮವಾಗಿಯೇ ಹೋಗೋಣ.

1820ರಲ್ಲಿ ಡೆನ್ಮಾರ್ಕಿನ ಓರ್‌ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ವಾಲುವುದನ್ನು ಕಂಡರು. ವಿದ್ಯುತ್ತಿನಿಂದ ಕಾಂತತ್ವ ಹುಟ್ಟುತ್ತದೆ ಎಂದು ಗೊತ್ತಾದ ಮೇಲೆ ಯುರೋಪಿನ ಅರ್ಧ ವಿಜ್ಞಾನಿಗಳು ಅದನ್ನು ತಿರುವಿ ನೋಡತೊಡಗಿದರು: ಹಾಗಾದರೆ ಕಾಂತತ್ವದಿಂದ ವಿದ್ಯುತ್ ಹುಟ್ಟಬೇಕಲ್ಲ? ಬಲವಾದ ಆಯಸ್ಕಾಂತವನ್ನು ತಂತಿಯ ಸುರುಳಿಯ ಪಕ್ಕದಲ್ಲಿಟ್ಟು ಕಾದರು. ಏನೂ ಆಗಲಿಲ್ಲ. ಇನ್ನೂ ಬಲವಾದದ್ದನ್ನು ಇಟ್ಟರು. ಆಗಲೂ ಇಲ್ಲ.

ಇವರಲ್ಲಿ ಜಿನೀವಾದ ಕೊಲಾಡೋನ್ ಎಂಬುವರ ಕತೆ ನೆನೆದರೆ ಈಗಲೂ ಅಯ್ಯೋ ಎನಿಸುತ್ತದೆ. 1825ರಲ್ಲಿ ಅವರು ಸುರುಳಿಯ ಹತ್ತಿರ ದೊಡ್ಡ ಆಯಸ್ಕಾಂತವನ್ನು ತಂದು ನೋಡಿದರು. ವಿದ್ಯುತ್ತನ್ನು ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳೂ ಕಾಂತವೇ. ಪ್ರಯೋಗದ ಆಯಸ್ಕಾಂತ ಅದನ್ನು ನೇರವಾಗಿ ಎಳೆದುಬಿಟ್ಟರೆ ಮೋಸವಾಗುತ್ತದೆ ಎಂಬ ಎಚ್ಚರದಿಂದ ಅದನ್ನು ಉದ್ದ ತಂತಿಗಳ ಮೂಲಕ ಪಕ್ಕದ ಕೋಣೆಯಲ್ಲಿಟ್ಟಿದ್ದರು. ಆಯಸ್ಕಾಂತವನ್ನು ಸುರುಳಿಯ ಬಳಿ ಇಡುವುದು, ಆ ಕೋಣೆಗೆ ನಡೆದು ಹೋಗಿ ಮುಳ್ಳನ್ನು ನೋಡುವುದು. ಅವರು ಹೋಗಿ ನೋಡುವಷ್ಟರಲ್ಲಿ ಮುಳ್ಳು ಒಮ್ಮೆ ಆಡಿ, ಮರಳಿ ಸೊನ್ನೆಗೆ ಬಂದು ಸುಮ್ಮನೆ ನಿಂತಿರುತ್ತಿತ್ತು. ಅತಿಯಾದ ಎಚ್ಚರ ಅವರಿಗೆ ಮುಳುವಾಯಿತು. ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿದ್ದರೆ ಸಾಕಿತ್ತು.

ಆರು ವರ್ಷಗಳ ನಂತರ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆಗೆ ಆ ಆಟ ಕಣ್ಣಿಗೆ ಬಿತ್ತು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತವರು, ಗಣಿತ ಅಷ್ಟಕ್ಕಷ್ಟೇ. 1831ರ ಆಗಸ್ಟ್ 29ರಂದು ಅವರು ಆರು ಅಂಗುಲ ವ್ಯಾಸದ ಕಬ್ಬಿಣದ ಉಂಗುರವೊಂದರ ಎರಡು ಬದಿಗಳಿಗೆ ಬೇರೆಬೇರೆಯಾಗಿ ತಂತಿ ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ, ಇನ್ನೊಂದಕ್ಕೆ ಮುಳ್ಳು. ಬ್ಯಾಟರಿ ಜೋಡಿಸಿದ ಕ್ಷಣ ಮುಳ್ಳು ಬೆಚ್ಚಿಬಿದ್ದಂತೆ ಆಡಿತು. ಆಮೇಲೆ ಬ್ಯಾಟರಿಯಿಂದ ವಿದ್ಯುತ್ ಹರಿಯುತ್ತಲೇ ಇದ್ದರೂ ಮುಳ್ಳು ಕದಲಲಿಲ್ಲ. ಬ್ಯಾಟರಿ ಬಿಡಿಸಿದ ಕ್ಷಣ ಮತ್ತೆ ಆಡಿತು, ಈ ಸಲ ಎದುರು ದಿಕ್ಕಿಗೆ. ಅಕ್ಟೋಬರ್ 17ರಂದು ಬ್ಯಾಟರಿಯನ್ನೂ ಕೈಬಿಟ್ಟು, ಟೊಳ್ಳು ಸುರುಳಿಯೊಳಗೆ ಬರಿಯ ಆಯಸ್ಕಾಂತದ ಸರಳನ್ನು ತುರುಕಿದರು. ತುರುಕುವಾಗ ಮುಳ್ಳು ಒಂದು ಕಡೆಗೆ, ಎಳೆಯುವಾಗ ಇನ್ನೊಂದು ಕಡೆಗೆ, ಒಳಗೇ ಬಿಟ್ಟರೆ ಏನೂ ಇಲ್ಲ. ಅಮೆರಿಕದ ಜೋಸೆಫ್ ಹೆನ್ರಿಯೂ ತಾವಾಗಿಯೇ ಇದನ್ನು ಕಂಡುಕೊಂಡಿದ್ದರು. ಪ್ರಕಟಿಸುವುದರಲ್ಲಿ ಹಿಂದೆ ಬಿದ್ದರು.

ಹತ್ತು ವರ್ಷಗಳ ಹುಡುಕಾಟ ಸೋತದ್ದು ಎಲ್ಲಿ ಎಂದು ಈಗ ಕಾಣುತ್ತದೆ. ಎಲ್ಲರೂ ಆಯಸ್ಕಾಂತದ ಬಲವನ್ನು ಹೆಚ್ಚಿಸುತ್ತಾ ಹೋದರು. ಬೇಕಾಗಿದ್ದದ್ದು ಬದಲಾವಣೆ. ಆಯಸ್ಕಾಂತದ ಸುತ್ತ ಬಲರೇಖೆಗಳು ಹಬ್ಬಿರುತ್ತವೆ ಎಂದು ಫ್ಯಾರಡೆ ಊಹಿಸಿಕೊಂಡರು. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಆಯಸ್ಕಾಂತ ಹಿಡಿದರೆ ಮೂಡುವ ಗೆರೆಗಳೇ ಅವು. ಸುರುಳಿಯೊಳಗೆ ಎಷ್ಟು ರೇಖೆಗಳು ಹಾದುಹೋಗುತ್ತಿವೆ ಎಂಬುದು ಲೆಕ್ಕಕ್ಕಿಲ್ಲ; ಆ ಎಣಿಕೆ ಎಷ್ಟು ಬೇಗ ಏರುತ್ತಿದೆ ಅಥವಾ ಇಳಿಯುತ್ತಿದೆ ಎಂಬುದಷ್ಟೇ ಲೆಕ್ಕ. ಬದಲಾವಣೆ ವೇಗವಾದಷ್ಟೂ ಸುರುಳಿಯ ತುದಿಗಳ ನಡುವೆ ಹುಟ್ಟುವ ವೋಲ್ಟೇಜ್ ಹೆಚ್ಚು. ಸುತ್ತುಗಳು ಹೆಚ್ಚಾದರೆ, ಒಂದೊಂದು ಸುತ್ತಿನ ವೋಲ್ಟೇಜೂ ಕೂಡಿಕೊಂಡು ಇನ್ನೂ ಹೆಚ್ಚು. ವಿದ್ಯುತ್ಕಾಂತೀಯ ಪ್ರೇರಣೆ ಎಂಬ ಭಾರಿ ಹೆಸರಿನ ಒಳಗಿರುವುದು ಇಷ್ಟೇ. ಇಳಿಜಾರಿನಲ್ಲಿ ದೀಪ ಏಕೆ ಪ್ರಖರವಾಗುತ್ತಿತ್ತು, ನಿಂತರೆ ಏಕೆ ಆರುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹಳೆಯ ಮೊಪೆಡ್ಡುಗಳ ಹೆಡ್‌ಲೈಟ್ ಆಕ್ಸಿಲರೇಟರ್ ತಿರುವಿದಾಗಲೆಲ್ಲ ಜೋರಾಗುತ್ತಿದ್ದದ್ದೂ ಇದೇ ಕಾರಣಕ್ಕೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ನೋಡಬಹುದು. ಪಂಪ್‌ಸೆಟ್ ಮೋಟಾರು ರೀವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಎನಾಮಲ್ ತಂತಿ ಸಿಗುತ್ತದೆ. ಗೇಣುದ್ದದ ಪಿವಿಸಿ ಪೈಪಿಗೆ ಅದನ್ನು ಸಾವಿರ ಸುತ್ತು ಸುತ್ತಿ, ತುದಿಗಳ ಎನಾಮಲ್ ಕೆರೆದು ಒಂದು ಕೆಂಪು ಎಲ್‌ಇಡಿ ಜೋಡಿಸಿ. ಪೈಪಿನೊಳಗೆ ಬಲವಾದ ನಿಯೋಡೈಮಿಯಂ ಕಾಂತ ಹಾಕಿ, ಎರಡೂ ತುದಿ ಮುಚ್ಚಿ, ಗಿಲಕಿಯಂತೆ ಜೋರಾಗಿ ಆಡಿಸಿ. ಎಲ್‌ಇಡಿ ಮಿನುಗುತ್ತದೆ. ಇನ್ನೊಂದು ಎಲ್‌ಇಡಿಯನ್ನು ಮೊದಲಿನದಕ್ಕೆ ತಿರುವುಮುರುವಾಗಿ ಜೋಡಿಸಿದರೆ ಎರಡೂ ಸರದಿಯಲ್ಲಿ ಮಿನುಗುತ್ತವೆ: ಕಾಂತ ಒಳಬರುವಾಗ ಒಂದು, ಹೊರಹೋಗುವಾಗ ಮತ್ತೊಂದು. ವಿದ್ಯುತ್ ದಿಕ್ಕು ಬದಲಿಸುವುದು ಹೀಗೆ ಕಣ್ಣಿಗೇ ಕಾಣುತ್ತದೆ.

ಈಗ ಆ ಎರಡನೆಯ ಪ್ರಶ್ನೆ. 1834ರಲ್ಲಿ ರಷ್ಯಾದ ಹೈನ್ರಿಕ್ ಲೆಂಜ್ ಹೇಳಿದ ಮಾತು ಇದು: ಪ್ರೇರಣೆಯಿಂದ ಹುಟ್ಟಿದ ವಿದ್ಯುತ್, ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ವಿರೋಧಿಸುತ್ತದೆ. ತಂತಿಯಲ್ಲಿ ವಿದ್ಯುತ್ ಹರಿದೊಡನೆ, ಓರ್‌ಸ್ಟೆಡ್ ಕಂಡಂತೆ, ಆ ತಂತಿಯೇ ಒಂದು ಆಯಸ್ಕಾಂತವಾಗುತ್ತದೆ. ಅದು ಯಾವ ಮುಖ ಮಾಡಿಕೊಂಡು ನಿಲ್ಲುತ್ತದೆ? ಹತ್ತಿರ ಬರುವ ಕಾಂತವನ್ನು ದೂರ ತಳ್ಳುವ ಹಾಗೆ. ದೂರ ಹೋಗುವುದನ್ನು ಹಿಡಿದೆಳೆಯುವ ಹಾಗೆ. ವಿಚಿತ್ರ ಸ್ವಭಾವದ ಮನೆಯೊಡೆಯನಂತೆ: ಬರುವವನಿಗೆ ಬಾಗಿಲು ಹಾಕುತ್ತದೆ, ಹೊರಟವನ ಕೈ ಬಿಡುವುದಿಲ್ಲ.

ಇದನ್ನು ಕೈಯಲ್ಲೇ ಅನುಭವಿಸಲು ತಾಮ್ರದ ಕೊಳವೆಯೊಂದು ಸಾಕು. ತಾಮ್ರಕ್ಕೆ ಆಯಸ್ಕಾಂತ ಅಂಟುವುದಿಲ್ಲ. ಆದರೂ ದಪ್ಪ ಗೋಡೆಯ, ಮೀಟರ್ ಉದ್ದದ ತಾಮ್ರದ ಕೊಳವೆಯೊಳಗೆ ಬಲವಾದ ಕಾಂತವನ್ನು ಬಿಟ್ಟರೆ, ಅರ್ಧ ಸೆಕೆಂಡಿನೊಳಗೆ ಬೀಳಬೇಕಾದದ್ದು ಜೇನುತುಪ್ಪದಲ್ಲಿ ಮುಳುಗಿದ ಕಲ್ಲಿನಂತೆ ಹಲವು ಸೆಕೆಂಡು ತೆಗೆದುಕೊಂಡು ಇಳಿಯುತ್ತದೆ. ಕೊಳವೆಯ ಗೋಡೆಯಲ್ಲಿ ಸುಳಿಯಾಗಿ ಹರಿಯುವ ವಿದ್ಯುತ್ ಅದನ್ನು ಕೆಳಗಿನಿಂದ ತಳ್ಳುತ್ತದೆ, ಮೇಲಿನಿಂದ ಎಳೆಯುತ್ತದೆ. ಕೊಳವೆಯನ್ನು ಉದ್ದಕ್ಕೆ ಸೀಳಿ ಆ ಸುಳಿಯ ದಾರಿಯನ್ನು ಕಡಿದರೆ ಕಾಂತ ಬೇಗ ಬೀಳುತ್ತದೆ.

ನನ್ನ ಸೈಕಲ್ಲಿನಲ್ಲಿ ನಡೆದದ್ದೂ ಇದೇ. ಬಲ್ಬು ಸುಟ್ಟಾಗ ದಾರಿ ಕಡಿಯಿತು. ಸುರುಳಿಯ ತುದಿಗಳಲ್ಲಿ ಆಗಲೂ ವೋಲ್ಟೇಜ್ ಹುಟ್ಟುತ್ತಿತ್ತು, ಆದರೆ ವಿದ್ಯುತ್ ಹರಿಯಲಿಲ್ಲ. ಹರಿಯದ ವಿದ್ಯುತ್ತು ತಡೆಯಲೂ ಇಲ್ಲ. ಬಲ್ಬು ಉರಿಯುವಾಗ ಸುರುಳಿ ಎದುರು ಕಾಂತವಾಗಿ ನಿಂತು ತಿರುಗುವ ಕಾಂತವನ್ನು ಹಿಡಿದೆಳೆಯುತ್ತಿತ್ತು, ಆ ಹಿಡಿತ ಟೈರಿನಿಂದ ಚೈನಿಗೆ, ಚೈನಿನಿಂದ ಪೆಡಲಿಗೆ, ಪೆಡಲಿನಿಂದ ನನ್ನ ಮೊಣಕಾಲಿಗೆ ಬರುತ್ತಿತ್ತು.

ಲೆಂಜ್ ಹೇಳಿದ್ದಕ್ಕೆ ಉಲ್ಟಾ ಆಗಿದ್ದರೆ ಏನಾಗುತ್ತಿತ್ತು? ಕಾಂತವನ್ನು ಒಮ್ಮೆ ತಳ್ಳಿದರೆ ಸುರುಳಿ ಅದನ್ನು ಇನ್ನೂ ಬೇಗ ಎಳೆದುಕೊಳ್ಳುತ್ತಿತ್ತು, ವಿದ್ಯುತ್ ಇನ್ನೂ ಹೆಚ್ಚುತ್ತಿತ್ತು, ಡೈನಮೋ ತಾನೇ ಸೈಕಲ್ಲನ್ನು ಓಡಿಸುತ್ತಿತ್ತು. ಮೋಟಾರಿಗೆ ಜನರೇಟರ್ ಕಟ್ಟಿ, ಜನರೇಟರಿನ ವಿದ್ಯುತ್ತಿನಿಂದಲೇ ಮೋಟಾರ್ ಓಡಿಸಿ, ಉಳಿದದ್ದರಲ್ಲಿ ಮನೆ ಬೆಳಗಿಸುವ ವಿಡಿಯೊಗಳನ್ನು ವಾಟ್ಸ್ಆ್ಯಪಿನಲ್ಲಿ ನನಗೆ ಕಳಿಸುವವರು ಇದ್ದಾರೆ. ಪ್ರತಿ ಸಲವೂ ನಾನು ಹುಡುಕುವುದು ಮೇಜಿನ ಕೆಳಗೆ ಅಡಗಿಸಿದ ವೈರನ್ನು.

ಆದ್ದರಿಂದ ಜನರೇಟರು ವಿದ್ಯುತ್ತನ್ನು ಸೃಷ್ಟಿಸುತ್ತದೆ ಎನ್ನುವುದಕ್ಕಿಂತ, ತಳ್ಳುವವನ ಶ್ರಮವನ್ನು ವಿದ್ಯುತ್ತಾಗಿ ಬದಲಿಸಿ ಕೊಡುತ್ತದೆ ಎನ್ನುವುದು ಸರಿ. ಆ ಶ್ರಮ ಎಷ್ಟು? ಗಟ್ಟಿಮುಟ್ಟಾದ ಆಳು ಸುಮಾರು 100 ವ್ಯಾಟ್ ಹೊಮ್ಮಿಸುತ್ತಾ ಗಂಟೆಗಟ್ಟಲೆ ತುಳಿಯಬಲ್ಲ. ಅವನು ಹತ್ತು ಗಂಟೆ ತುಳಿದರೆ ಒಂದು ಯೂನಿಟ್. 2,000 ವ್ಯಾಟಿನ ಗೀಸರ್ ಅದನ್ನು ಅರ್ಧ ಗಂಟೆಯಲ್ಲಿ ನುಂಗುತ್ತದೆ. ನೀರಿನ ಲೆಕ್ಕದಲ್ಲಿ ಹೇಳುವುದಾದರೆ, ಜೋಗ ಜಲಪಾತದ 253 ಮೀಟರ್ ಎತ್ತರದಿಂದ ಸುಮಾರು 1,450 ಲೀಟರ್ ನೀರು ಬಿದ್ದರೆ, ಚೂರೂ ನಷ್ಟವಾಗದಿದ್ದರೆ, ಒಂದು ಯೂನಿಟ್. ಒಬ್ಬರ ಬೆಳಗಿನ ಸ್ನಾನಕ್ಕೆ ಜೋಗದಿಂದ ಒಂದೂವರೆ ಟನ್ ನೀರು ಧುಮುಕಬೇಕು.

ಸೈಕಲ್ ಡೈನಮೋವನ್ನು ಹಿಗ್ಗಿಸಿದರೆ ರಾಯಚೂರಿನ ಶಾಖೋತ್ಪನ್ನ ಸ್ಥಾವರದ 210 ಮೆಗಾವ್ಯಾಟಿನ ಜನರೇಟರ್ ಆಗುತ್ತದೆ. ತತ್ತ್ವದಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳು ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಜನರೇಟರಿನಲ್ಲಿ ಕಾಂತ ನಿಂತಿರುತ್ತದೆ, ಸುರುಳಿ ತಿರುಗುತ್ತದೆ. ದೊಡ್ಡ ಸ್ಥಾವರಗಳಲ್ಲಿ, ನನ್ನ ಸೈಕಲ್ಲಿನಂತೆಯೇ, ಕಾಂತ ತಿರುಗುತ್ತದೆ, ಸುರುಳಿ ನಿಂತಿರುತ್ತದೆ. ಸುಮ್ಮನಲ್ಲ. ಆ 210 ಮೆಗಾವ್ಯಾಟ್ ಯಂತ್ರದ ಸುರುಳಿಯಿಂದ 15,750 ವೋಲ್ಟ್‌ನಲ್ಲಿ ಒಂಬತ್ತು ಸಾವಿರ ಆಂಪಿಯರ್ ಆಸುಪಾಸಿನ ವಿದ್ಯುತ್ ಹೊರಬರುತ್ತದೆ. ಅಷ್ಟನ್ನು ತಿರುಗುವ ಭಾಗದಿಂದ, ಉಜ್ಜುವ ಬ್ರಷ್ಷುಗಳ ಮೂಲಕ ಹೊರತೆಗೆಯಲು ಹೊರಟರೆ ಕಿಡಿ, ಬೆಂಕಿ, ಬೂದಿ. ನಿಂತ ಸುರುಳಿಯಾದರೆ ನೇರವಾಗಿ ದಪ್ಪ ತಾಮ್ರದ ಪಟ್ಟಿಗಳನ್ನೇ ಬೋಲ್ಟ್ ಹಾಕಿ ಬಿಗಿಯಬಹುದು. ಪುಸ್ತಕದ ಚಿತ್ರ ತಪ್ಪಲ್ಲ. ಆದರೆ ಮಕ್ಕಳಿಗೆ ಈ ಒಂದು ಮಾತನ್ನೂ ಹೇಳಬಹುದಿತ್ತು.

ಇಷ್ಟು ದೊಡ್ಡ ಯಂತ್ರದಲ್ಲಿ ತಿರುಗುವುದು ಸಹಜ ಆಯಸ್ಕಾಂತವಲ್ಲ, ವಿದ್ಯುತ್ಕಾಂತ. ಅದಕ್ಕೂ ವಿದ್ಯುತ್ ಬೇಕು. ವಿದ್ಯುತ್ ಹುಟ್ಟಿಸಲು ವಿದ್ಯುತ್ತೇ ಬೇಕೆಂದರೆ ಮೊದಲನೆಯದು ಎಲ್ಲಿಂದ ಬಂತು? 1866–67ರ ಸುಮಾರಿಗೆ ಜರ್ಮನಿಯ ಸೀಮೆನ್ಸ್, ಇಂಗ್ಲೆಂಡಿನ ವೀಟ್‌ಸ್ಟನ್ ಮತ್ತು ವಾರ್ಲಿ ಬೇರೆಬೇರೆಯಾಗಿ ಕಂಡುಕೊಂಡ ಉಪಾಯ ನಮ್ಮ ಅಡುಗೆಮನೆಯದೇ: ಹೆಪ್ಪು. ಒಮ್ಮೆ ಕಾಂತವಾಗಿದ್ದ ಕಬ್ಬಿಣದಲ್ಲಿ ಚೂರು ಕಾಂತತ್ವ ಉಳಿದಿರುತ್ತದೆ. ತಿರುಗಿಸಿದರೆ ಅದರಿಂದ ಚೂರು ವಿದ್ಯುತ್. ಅದನ್ನು ವಿದ್ಯುತ್ಕಾಂತಕ್ಕೇ ಉಣಿಸಿದರೆ ಕಾಂತತ್ವ ಇನ್ನಷ್ಟು. ಅದರಿಂದ ವಿದ್ಯುತ್ ಮತ್ತಷ್ಟು. ಒಂದು ಚಮಚ ಮೊಸರಿನಿಂದ ಪಾತ್ರೆ ತುಂಬ ಹಾಲು ಹೆಪ್ಪಾದಂತೆ ಯಂತ್ರ ಕೆಲವೇ ಕ್ಷಣಗಳಲ್ಲಿ ಮೈತುಂಬಿಕೊಳ್ಳುತ್ತದೆ. ಇಂದಿನ ಸ್ಥಾವರಗಳಲ್ಲಿ ಈ ಉಣಿಸುವ ಕೆಲಸಕ್ಕೆ ಪ್ರತ್ಯೇಕ ವ್ಯವಸ್ಥೆಯೇ ಇರುತ್ತದೆ.

ತಿರುಗುವ ಕಾಂತದ ಉತ್ತರ ಧ್ರುವ ಸುರುಳಿಯ ಮುಂದೆ ಹಾದಾಗ ವಿದ್ಯುತ್ ಒಂದು ಕಡೆಗೆ ನೂಕುತ್ತದೆ, ದಕ್ಷಿಣ ಧ್ರುವ ಹಾದಾಗ ಇನ್ನೊಂದು ಕಡೆಗೆ. ಆದ್ದರಿಂದ ನಮ್ಮ ಮನೆಯ ತಂತಿಯೊಳಗಿನ ಎಲೆಕ್ಟ್ರಾನುಗಳು ರಾಯಚೂರಿನಿಂದ ಹೊರಟು ಬರುವುದಿಲ್ಲ. ಇದ್ದಲ್ಲೇ ಸೆಕೆಂಡಿಗೆ ಐವತ್ತು ಸಲ ಹಿಂದಕ್ಕೂ ಮುಂದಕ್ಕೂ ಆಡುತ್ತವೆ. ಕಡಗೋಲು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ, ಅತ್ತಿತ್ತ ಸುತ್ತುತ್ತದೆ, ಆದರೂ ಬೆಣ್ಣೆ ಬರುತ್ತದೆ. ಈ ಐವತ್ತನ್ನು ಸಾಧಿಸಲು ಎರಡು ಧ್ರುವಗಳ ಕಾಂತ ನಿಮಿಷಕ್ಕೆ 3,000 ಸುತ್ತು ಸುತ್ತಬೇಕು. ರಭಸದ ಹಬೆಯಿಂದ ಓಡುವ ರಾಯಚೂರಿನ ಯಂತ್ರಗಳಿಗೆ ಅದು ಒಗ್ಗುತ್ತದೆ. ನೀರಿನ ಚಕ್ರಕ್ಕೆ ಆ ಓಟ ಆಗದು. ಅಲ್ಲಿ ಕಾಂತದ ಸುತ್ತಲೂ ಹೆಚ್ಚು ಧ್ರುವಗಳನ್ನು ಕೂರಿಸುತ್ತಾರೆ: ಇಪ್ಪತ್ತು ಧ್ರುವಗಳಿದ್ದರೆ ನಿಮಿಷಕ್ಕೆ 300 ಸುತ್ತು ಸಾಕು. ಹಬೆಯ ಜನರೇಟರ್ ಉದ್ದಕ್ಕೆ ಮಲಗಿದ ಸಣಕಲ, ನೀರಿನದು ಅಗಲದ ದಡೂತಿ.

ನಿಂತ ಸುರುಳಿಗಳು ಮೂರು ತಂಡ. ಮೂವರು ಹೆಂಗಸರು ಒಂದೇ ಒರಳಿಗೆ ಸರದಿಯ ಮೇಲೆ ಒನಕೆ ಹಾಕಿ ಭತ್ತ ಕುಟ್ಟುವಂತೆ, ಒಂದರ ಏಟು ಇಳಿಯುವಷ್ಟರಲ್ಲಿ ಇನ್ನೊಂದರದು ಏರುತ್ತದೆ, ಏಟಿಗೆ ಬಿಡುವಿಲ್ಲ. ನಮ್ಮ ರೈತರು ಸರಿರಾತ್ರಿ ಎದ್ದು ಕಾಯುವ ತ್ರೀ ಫೇಸ್ ಕರೆಂಟ್ ಇದೇ.

1902ರಲ್ಲಿ, ಫ್ಯಾರಡೆಯ ಉಂಗುರಕ್ಕೆ ಎಪ್ಪತ್ತೊಂದು ವರ್ಷ ತುಂಬುವ ಹೊತ್ತಿಗೆ, ಶಿವನಸಮುದ್ರದಲ್ಲಿ ಕಾವೇರಿಯ ನೀರು ಜನರೇಟರುಗಳನ್ನು ತಿರುಗಿಸಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಮೊದಲು, ಊರಿಗೆ ಆಮೇಲೆ. ದುಡ್ಡು ಎಲ್ಲಿತ್ತೋ ತಂತಿ ಅಲ್ಲಿಗೆ ಮೊದಲು ಹೋಯಿತು. ಅಷ್ಟು ದೂರ ಸಾಗಿಸುವಾಗ ತಂತಿ ಬಿಸಿಯಾಗಿ ವಿದ್ಯುತ್ ಪೋಲಾಗಬಾರದು. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಹತ್ತನೇ ಒಂದರಷ್ಟು ಕರೆಂಟಿನಿಂದ ಸಾಗಿಸಬಹುದು, ಪೋಲು ನೂರನೇ ಒಂದಕ್ಕೆ ಇಳಿಯುತ್ತದೆ. ಹೀಗೆ ಏರಿಸುವುದೂ, ಊರಿನ ಹತ್ತಿರ ಮತ್ತೆ ಇಳಿಸುವುದೂ ಟ್ರಾನ್ಸ್‌ಫಾರ್ಮರಿನ ಕೆಲಸ. ಹಳ್ಳಿಯಲ್ಲಿ ನಾವು ಟಿ.ಸಿ. ಎನ್ನುವ ಆ ಬೂದುಬಣ್ಣದ ಪೆಟ್ಟಿಗೆಯಲ್ಲಿ ತಿರುಗುವುದು ಏನೂ ಇಲ್ಲ. ಒಂದೇ ಕಬ್ಬಿಣಕ್ಕೆ ಸುತ್ತಿದ ಬೇರೆಬೇರೆ ಸುರುಳಿಗಳು, ಅಷ್ಟೇ. 1831ರ ಆಗಸ್ಟಿನ ಉಂಗುರವೇ ಎಣ್ಣೆಯಲ್ಲಿ ಮುಳುಗಿ ಕಂಬ ಹತ್ತಿ ಕುಳಿತಿದೆ. ಬ್ಯಾಟರಿಯ ಬದಲು ಸದಾ ಆಡುವ ವಿದ್ಯುತ್ತನ್ನು ಕೊಟ್ಟಿರುವುದರಿಂದ, ಫ್ಯಾರಡೆಯ ಮುಳ್ಳು ಒಮ್ಮೆ ಬೆಚ್ಚಿದ್ದು ಇಲ್ಲಿ ನಿಲ್ಲದೆ ನಡೆಯುತ್ತಿರುತ್ತದೆ. ಅದರ ಗುಂಯ್‌ಗುಡುವಿಕೆ, ಕಾಂತತ್ವ ಏರಿಳಿದಂತೆಲ್ಲ ಆ ಕಬ್ಬಿಣ ಕೂದಲೆಳೆಗಿಂತ ಕಡಿಮೆ ಹಿಗ್ಗಿ ಕುಗ್ಗುವ ಸದ್ದು.

ಭಾರದ ಮಾತಿಗೆ ಮರಳುತ್ತೇನೆ, ಏಕೆಂದರೆ ಅದು ಸೈಕಲ್ಲಿಗೆ ಮುಗಿಯುವುದಿಲ್ಲ. ಸಂಜೆ ಏಳಕ್ಕೆ ನೀವು ಮಿಕ್ಸಿ ಹಾಕುತ್ತೀರಿ. ಸುರುಳಿಯಲ್ಲಿ ಹರಿಯುವ ವಿದ್ಯುತ್ ಒಂದು ಗುಂಜಿಯಷ್ಟು ಹೆಚ್ಚುತ್ತದೆ. ಎಲ್ಲೋ ತಿರುಗುತ್ತಿರುವ ಟನ್ನುಗಟ್ಟಲೆ ತೂಕದ ಕಾಂತಗಳಿಗೆ ಲೆಂಜನ ಹಿಡಿತ ಅಷ್ಟರಮಟ್ಟಿಗೆ ಬಿಗಿಯಾಗುತ್ತದೆ. ಲಕ್ಷಾಂತರ ಮನೆಗಳಲ್ಲಿ ಒಟ್ಟಿಗೆ ದೀಪ ಹತ್ತಿದಾಗ ಯಂತ್ರಗಳು ಏರು ಹತ್ತುವ ಸೈಕಲ್ಲಿನಂತೆ ಏದುಸಿರು ಬಿಟ್ಟು ನಿಧಾನವಾಗುತ್ತವೆ, ಐವತ್ತರ ಎಣಿಕೆ ತುಸು ಇಳಿಯುತ್ತದೆ. ಅದನ್ನು ಕಂಡ ಗವರ್ನರ್ ಎಂಬ ಸಾಧನ ನೀರಿನ ಬಾಯನ್ನೋ ಹಬೆಯ ಕವಾಟವನ್ನೋ ಇನ್ನಷ್ಟು ತೆರೆಯುತ್ತದೆ. ಸ್ಥಾವರಗಳನ್ನೂ ಊರುಗಳನ್ನೂ ಬೆಸೆದಿರುವ ತಂತಿಜಾಲವೇ ಗ್ರಿಡ್; ನಮ್ಮ ದೇಶದ ಗ್ರಿಡ್ಡಿನಲ್ಲಿ ಈ ಎಣಿಕೆ 49.90ರಿಂದ 50.05ರೊಳಗೆ ಇರಬೇಕೆಂಬುದು ನಿಯಮ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿ ಕುಳಿತಾಗ ಕರ್ನಾಟಕದಲ್ಲಿ ದೀಪಗಳು ಉರಿಯುತ್ತಿದ್ದವು. ದಕ್ಷಿಣದ ಗ್ರಿಡ್ ಆಗ ಬೇರೆಯದೇ ತಾಳಕ್ಕೆ ತಿರುಗುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ಎರಡನ್ನೂ ಬೆಸೆಯಿತು. ಅಂದಿನಿಂದ ಶರಾವತಿಯ ಯಂತ್ರವೂ ಪಂಜಾಬಿನ ಯಂತ್ರವೂ ಒಂದೇ ತಾಳದಲ್ಲಿ ತಿರುಗುತ್ತಿವೆ.

ಈ ಕುಲಕ್ಕೆ ಸೇರದ ಒಂದು ಸ್ಥಾವರ ಪಾವಗಡದಲ್ಲಿದೆ. 2,050 ಮೆಗಾವ್ಯಾಟಿನ ಆ ಸೌರ ಉದ್ಯಾನದ ಫಲಕಗಳಲ್ಲಿ ಕಾಂತವೂ ಇಲ್ಲ, ಸುರುಳಿಯೂ ಇಲ್ಲ, ತಿರುಗುವುದು ಏನೂ ಇಲ್ಲ. ಬೆಳಕು ನೇರವಾಗಿ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಫ್ಯಾರಡೆ ಅಲ್ಲಿಗೆ ಕಾಲಿಡುವುದು ಆ ವಿದ್ಯುತ್ತನ್ನು ಏರಿಸುವ ಟ್ರಾನ್ಸ್‌ಫಾರ್ಮರಿನ ಬಳಿ ಮಾತ್ರ. ಅಲ್ಲಿ ಯಾವುದೂ ಭಾರವಾಗುವುದಿಲ್ಲ. ಕೇಳಲು ಸೊಗಸು, ಆದರೆ ಗ್ರಿಡ್ ನಡೆಸುವ ಎಂಜಿನಿಯರುಗಳಿಗೆ ಅದೇ ಚಿಂತೆ. ಕೈ ತೆಗೆದ ಮೇಲೂ ಕುಂಬಾರನ ತಿಗರಿ ಒಂದಷ್ಟು ಹೊತ್ತು ತಿರುಗುವಂತೆ, ತಿರುಗುವ ಭಾರಿ ಯಂತ್ರಗಳು ಹಠಾತ್ ಹೊರೆ ಬಿದ್ದಾಗ ತಮ್ಮ ಮೈಭಾರದ ರಭಸದಿಂದಲೇ ಮೊದಲ ಕೆಲವು ಸೆಕೆಂಡು ತಾಳಿಕೊಳ್ಳುತ್ತವೆ. ಫಲಕಕ್ಕೆ ಅಂತಹ ರಭಸವಿಲ್ಲ. ಸೂರ್ಯ ಇಳಿದು ಪಾವಗಡ ಸುಮ್ಮನಾಗುವ ಹೊತ್ತಿಗೇ ಊರೆಲ್ಲ ದೀಪ ಹಚ್ಚುತ್ತದೆ. ಆಗ ಶರಾವತಿ ಕಣಿವೆಯಲ್ಲಿ ನೀರಿನ ಬಾಯಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ.